ಒಡೆದ ಟೈಲ್ಸ್‌ಗಳ ಕೌದಿ: ಆಂಟೋನಿ ಗೌಡಿ

ನಮ್ಮ ಹಾಸ್ಟೆಲ್ ಹಿಂದೆ ಒಂದು ರಾಶಿ ಇದೆ. ಹೋದ ವರ್ಷ ಬಾತ್‌ರೂಮ್ ರಿಪೇರಿ ಆದಾಗ ಕಿತ್ತು ಹಾಕಿದ ಹಳೇ ಟೈಲ್ಸ್ ಚೂರುಗಳು. ಕ್ರಿಕೆಟ್ ಆಡುವಾಗ ಬಾಲ್ ಆ ಕಡೆ ಹೋದರೆ ತರೋದು ಯಾರು ಅನ್ನೋದೇ ದೊಡ್ಡ ಜಗಳ. ರಿಪೇರಿ ಮುಗಿದ ವಾರದಲ್ಲೇ ಗುಜರಿಯವರು ಬಂದು ಕಬ್ಬಿಣದ ಪೈಪು, ಹಿತ್ತಾಳೆ ನಲ್ಲಿ, ಒಡೆದ ಪ್ಲಾಸ್ಟಿಕ್ ಬಕೆಟ್ ಎಲ್ಲವನ್ನೂ ತೂಕಕ್ಕೆ ಹಾಕಿಕೊಂಡು ಹೋದರು. ಟೈಲ್ಸ್ ರಾಶಿಯ ಕಡೆ ತಿರುಗಿಯೂ ನೋಡಲಿಲ್ಲ. ಬಿಟ್ಟಿ ಕೊಡ್ತೀವಿ ಅಂದರೂ ಬೇಡ ಅಂದರು.

ಯಾಕೆ ಬೇಡ ಅಂತ ಕ್ಲಬ್ ಮೀಟಿಂಗಿನಲ್ಲಿ ಮಾತು ಶುರುವಾಯ್ತು. ಅದು ಎಲ್ಲಿಂದ ಎಲ್ಲಿಗೋ ಹೋಗಿ ಕೊನೆಗೆ ಸ್ಪೇನ್ ದೇಶದ ಬಾರ್ಸಿಲೋನಾ ತಲುಪಿ, ಆಂಟೋನಿ ಗೌಡಿ ಅನ್ನೋ ವಾಸ್ತುಶಿಲ್ಪಿಯ ಹತ್ತಿರ ನಿಂತಿತು. ಹೆಸರು ಕೇಳಿ ಮಂಡ್ಯ ಕಡೆಯ ಗೆಳೆಯರು ನಮ್ಮ ಗೌಡ್ರೇ ಇರ್ಬೇಕು ಅಂತ ನಕ್ಕರು. ಬೆಳಗಾವಿ ಕಡೆಯ ಗೆಳತಿಗೆ ಮಾತ್ರ ಕೌದಿ ನೆನಪಾಯ್ತು. ಅವಳು ಪ್ರಾಸಕ್ಕೆ ಹೇಳಿದ್ದು ಅಷ್ಟೇ, ಆದರೆ ನಮಗೆ ಅದೇ ಸರಿ ಅನ್ನಿಸಿತು. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯರು ಹರಿದ ಸೀರೆ, ಹಳೇ ಧೋತರದ ತುಂಡುಗಳನ್ನೆಲ್ಲ ಜೋಡಿಸಿ ಹೊಲಿಯುವ ಹೊದಿಕೆ ಕೌದಿ. ಬಟ್ಟೆಯ ಬದಲು ಒಡೆದ ಟೈಲ್ಸ್, ತಟ್ಟೆ, ಬಾಟಲಿ ಚೂರುಗಳಲ್ಲಿ ಇಡೀ ಕಟ್ಟಡಕ್ಕೆ ಕೌದಿ ಹೊದಿಸಿದವರು ಗೌಡಿ. ಈ ಸಲ ಅವರ ಕತೆ ಹೇಳ್ತೀವಿ.

ಸುಟ್ಟ ಮಣ್ಣು ಮತ್ತೆ ಮಣ್ಣಾಗಲ್ಲ

ಮೊದಲು ಗುಜರಿಯವರ ಲೆಕ್ಕ ಅರ್ಥ ಮಾಡಿಕೊಳ್ಳೋಣ. ಕಬ್ಬಿಣವನ್ನು ಕರಗಿಸಿದರೆ ಮತ್ತೆ ಕಬ್ಬಿಣ. ಗಾಜನ್ನು ಕರಗಿಸಿದರೆ ಮತ್ತೆ ಗಾಜು. ಜೇಡಿಮಣ್ಣಿನ ಕತೆ ಹಾಗಲ್ಲ. ಹಸಿಮಣ್ಣಿನ ಕಣಗಳ ನಡುವೆ ನೀರು ಇರುವವರೆಗೆ ಅದನ್ನು ಹೇಗೆ ಬೇಕೋ ಹಾಗೆ ತಿದ್ದಬಹುದು. ಗೂಡಿನಲ್ಲಿ ಸುಮಾರು 500–600 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಣದ ರಚನೆಯೊಳಗೇ ಕಟ್ಟಿಕೊಂಡಿದ್ದ ನೀರಿನ ಅಂಶವೂ ಹೊರಟುಹೋಗುತ್ತೆ. 1000 ಡಿಗ್ರಿಯ ಆಸುಪಾಸು ಮತ್ತು ಅದರ ಮೇಲೆ ಹೋದಂತೆ ಹೊಸ ಹರಳುಗಳು ಹುಟ್ಟುತ್ತವೆ, ಒಂದಿಷ್ಟು ಭಾಗ ಗಾಜಾಗಿ ಉಳಿದದ್ದನ್ನು ಬೆಸೆಯುತ್ತದೆ. ಆಮೇಲೆ ಎಷ್ಟು ನೀರು ಹಾಕಿ ತುಳಿದರೂ ಅದು ಮತ್ತೆ ಕೆಸರಾಗಲ್ಲ. ಸಾವಿರಾರು ವರ್ಷ ಹಳೆಯ ಊರುಗಳ ಅಗೆತದಲ್ಲಿ ಮಡಕೆ ಚೂರೇ ಮೊದಲು ಸಿಗೋದು ಇದೇ ಕಾರಣಕ್ಕೆ.

ಹಾಗಂತ ಚೂರಿಗೆ ಉಪಯೋಗವೇ ಇಲ್ಲ ಅಂತಲ್ಲ. ಪುಡಿ ಮಾಡಿ ಹೊಸ ಮಣ್ಣಿಗೆ ಸೇರಿಸಿದರೆ ಒಣಗುವಾಗ, ಸುಡುವಾಗ ಕುಗ್ಗುವುದು ಕಡಿಮೆ ಆಗುತ್ತೆ. ಕುಂಬಾರರಿಗೆ ಇದು ಬಹಳ ಹಳೇ ವಿದ್ಯೆ. ಇಟ್ಟಿಗೆ ಪುಡಿಯನ್ನು ಸುಣ್ಣದ ಜೊತೆ ಅರೆದರೆ ಸುರ್ಕಿ ಗಾರೆ. ನಮ್ಮ ಕನ್ನಂಬಾಡಿ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರೋದು ಅಂಥದ್ದೇ ಗಾರೆ. ಆದರೆ ಎರಡಕ್ಕೂ ಪುಡಿ ಮಾಡಲೇಬೇಕು, ಪುಡಿ ಮಾಡೋಕೆ ಶಕ್ತಿ ಖರ್ಚು. ಟೈಲ್ಸ್ ಮೇಲಿನ ಹೊಳಪು, ಬಣ್ಣ ಎಲ್ಲಾ ಹಾಳು. ಚೂರನ್ನು ಚೂರಾಗಿಯೇ, ಅದರ ಬಣ್ಣ ಹೊಳಪಿನ ಸಮೇತ ಕಟ್ಟಡಕ್ಕೆ ಬಳಸೋದು ಮೂರನೇ ದಾರಿ. ಗೌಡಿ ಹಿಡಿದದ್ದು ಅದನ್ನ.

ತಾಮ್ರ ಬಡಿಯುವವರ ಮಗ

ಗೌಡಿ ಹುಟ್ಟಿದ್ದು 1852ರ ಜೂನ್ 25ರಂದು, ಸ್ಪೇನಿನ ಈಶಾನ್ಯಕ್ಕಿರುವ ಕ್ಯಾಟಲೋನಿಯಾದ ರೆಯುಸ್ ಸೀಮೆಯಲ್ಲಿ. ರೆಯುಸ್ ಊರಿನವರೂ ಪಕ್ಕದ ರಿಯುಡೋಮ್ಸ್ ಹಳ್ಳಿಯವರೂ ನಮ್ಮಲ್ಲೇ ಹುಟ್ಟಿದ್ದು ಅಂತ ಇವತ್ತಿಗೂ ವಾದ ಮಾಡ್ತಾರೆ. ಅಪ್ಪ ಫ್ರಾನ್ಸೆಸ್ಕ್ ತಾಮ್ರದ ಪಾತ್ರೆ, ಹಂಡೆಗಳನ್ನು ಬಡಿಯುವ ಕಸುಬಿನವರು. ಅಮ್ಮನ ಮನೆಯವರದೂ ಅದೇ ಕಸುಬು. ಐದು ಮಕ್ಕಳಲ್ಲಿ ಆಂಟೋನಿ ಕೊನೆಯವ. ಚಿಕ್ಕಂದಿನಿಂದಲೇ ಕೀಲುನೋವಿನ ಕಾಯಿಲೆ. ಬೇರೆ ಹುಡುಗರ ಜೊತೆ ಓಡಿ ಆಡುವಂತಿರಲಿಲ್ಲ. ಹಾಗಾಗಿ ಹುಡುಗ ಕೂತು ನೋಡುವುದನ್ನು ಕಲಿತ. ಗಿಡ, ಬಸವನಹುಳ, ಕಲ್ಲು ನೋಡಿದ, ಅಪ್ಪನ ಸುತ್ತಿಗೆಯನ್ನೂ ನೋಡಿದ.

ಅಪ್ಪನ ಕೆಲಸದಲ್ಲಿ ಒಂದು ಎಂಜಿನಿಯರಿಂಗ್ ಪಾಠ ಇದೆ. ತಾಮ್ರದ ಹಾಳೆ ಚಪ್ಪಟೆ. ಹಂಡೆ ಎರಡು ದಿಕ್ಕಿಗೂ ಬಾಗಿದ ಆಕಾರ. ಸುತ್ತಿಗೆ ಏಟು ಬಿದ್ದ ಕಡೆ ಲೋಹ ಹಿಗ್ಗಿ ತೆಳ್ಳಗಾಗಿ ಜಾಗ ಕೊಡುತ್ತೆ, ಹಾಗಾಗಿ ಚಪ್ಪಟೆ ಹಾಳೆ ಹೊಟ್ಟೆ ಬಿಟ್ಟುಕೊಳ್ಳುತ್ತೆ. ಜಾಗವನ್ನು ಕಾಗದದ ಮೇಲಿನ ಗೆರೆಯಾಗಿ ನೋಡದೆ ಗಾತ್ರವಾಗಿ ನೋಡುವ ಅಭ್ಯಾಸ ತನಗೆ ಈ ಅಂಗಡಿಯಲ್ಲೇ ಬಂತು ಅಂತ ಗೌಡಿ ದೊಡ್ಡವರಾದ ಮೇಲೆ ಹೇಳಿಕೊಳ್ಳುತ್ತಿದ್ದರಂತೆ. ಅಪ್ಪ ತಾಮ್ರದಲ್ಲಿ ಮಾಡಿದ ಬಾಗುಗಳನ್ನು ಮಗ ಇಟ್ಟಿಗೆ, ಟೈಲ್ಸ್‌ನಲ್ಲಿ ಮಾಡಬೇಕಾಯ್ತು. ಆದರೆ ಟೈಲ್ಸ್ ಸುತ್ತಿಗೆ ಏಟಿಗೆ ಹಿಗ್ಗಲ್ಲ. ಒಡೆಯುತ್ತೆ.

1868ರಲ್ಲಿ ಗೌಡಿ ಓದಿಗೆ ಬಾರ್ಸಿಲೋನಾಗೆ ಬಂದರು. ಹಣಕ್ಕೆ ತಾಪತ್ರಯ. ಕಾಲೇಜು ಓದುತ್ತಲೇ ಊರಿನ ಬೇರೆ ಬೇರೆ ವಾಸ್ತುಶಿಲ್ಪಿಗಳ ಬಳಿ ಡ್ರಾಯಿಂಗ್ ಕೆಲಸ ಮಾಡಿ ಫೀಸು ಕಟ್ಟಿದರು. 1876ರಲ್ಲಿ ವೈದ್ಯಕೀಯ ಓದಿದ್ದ ಅಣ್ಣ ತೀರಿಕೊಂಡರು, ಅದಾಗಿ ಎರಡೇ ತಿಂಗಳಿಗೆ ಅಮ್ಮ. 1878ರಲ್ಲಿ ಡಿಗ್ರಿ ಸಿಕ್ಕಿತು. ಮರುವರ್ಷ ಅಕ್ಕನೂ ಹೋಗಿ, ಅಕ್ಕನ ಪುಟ್ಟ ಮಗಳ ಹೊಣೆ ಗೌಡಿ ಮತ್ತು ಅವರ ವಯಸ್ಸಾದ ಅಪ್ಪನ ಮೇಲೆ ಬಿತ್ತು. ಗೌಡಿ ಮದುವೆ ಆಗಲೇ ಇಲ್ಲ. ಮನೆ ಅಂದರೆ ಅಪ್ಪ, ಅಕ್ಕನ ಮಗಳು, ಅವರು. ಅಷ್ಟೇ.

ಒಂದು ಗಾಜಿನ ಪೆಟ್ಟಿಗೆ ತಂದ ಗೆಳೆತನ

ಆಗಿನ ಬಾರ್ಸಿಲೋನಾ ಬಟ್ಟೆ ಗಿರಣಿಗಳ ಊರು. ಹಳೇ ಕೋಟೆ ಗೋಡೆ ಒಡೆದು ಹೊಸ ಬಡಾವಣೆಗಳು ಏಳುತ್ತಿದ್ದ ಕಾಲ. ಊರು ಬೆಳೆದಂತೆ ಇಟ್ಟಿಗೆ, ಹೆಂಚು, ಬಣ್ಣದ ಟೈಲ್ಸ್‌ಗಳ ಕಾರ್ಖಾನೆಗಳೂ ಬೆಳೆದವು. ಟೈಲ್ಸ್ ಸುಡುವ ಜಾಗದಲ್ಲಿ ರಿಜೆಕ್ಟ್ ಇದ್ದದ್ದೇ. ಒಂದು ಸೊಟ್ಟಗಾಗುತ್ತೆ, ಇನ್ನೊಂದರ ಮೇಲಿನ ಗ್ಲೇಜ್ ಬಿರುಕು ಬಿಡುತ್ತೆ, ಮತ್ತೊಂದರ ಬಣ್ಣ ಹರಿದುಹೋಗುತ್ತೆ. ಅದೆಲ್ಲ ಕಾರ್ಖಾನೆ ಹಿತ್ತಲಿಗೆ.

ಡಿಗ್ರಿ ಬಂದ ವರ್ಷವೇ ಒಬ್ಬ ಕೈಗವಸು ವ್ಯಾಪಾರಿಗೆ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಸರಕು ಇಡಲು ಗೌಡಿ ಒಂದು ಗಾಜಿನ ಪೆಟ್ಟಿಗೆ ವಿನ್ಯಾಸ ಮಾಡಿಕೊಟ್ಟರು. ಅದನ್ನು ನೋಡಿದ ಎವ್ಸೆಬಿ ಗ್ವೆಲ್ ಅನ್ನೋ ಗಿರಣಿ ಮಾಲೀಕರು ಮಾಡಿದವರು ಯಾರು ಅಂತ ಹುಡುಕಿಕೊಂಡು ಬಂದರು. ಗ್ವೆಲ್ ಅವರದು ಭಾರಿ ಶ್ರೀಮಂತ ಮನೆ. ಬಟ್ಟೆ ಗಿರಣಿ ಅಲ್ಲದೆ ಮುಂದೆ ಸ್ಪೇನಿನಲ್ಲಿ ಪೋರ್ಟ್‌ಲೆಂಡ್ ಸಿಮೆಂಟ್ ಕಾರ್ಖಾನೆಯನ್ನೂ ತೆರೆದವರು. ಅಲ್ಲಿಂದ ಶುರುವಾದ ಗೆಳೆತನ 1918ರಲ್ಲಿ ಗ್ವೆಲ್ ಸಾಯುವವರೆಗೆ ಉಳಿಯಿತು.

ಗೌಡಿಯ ಮೊದಲ ದೊಡ್ಡ ಮನೆ ಕಾಸಾ ವಿಸೆನ್ಸ್, 1883ರಿಂದ 1885. ಅದರ ಮೈಮೇಲೆ ಹಸಿರು, ಬಿಳಿ, ಚೆಂಡು ಹೂವಿನ ಚಿತ್ರದ ಟೈಲ್ಸ್ ತುಂಬಿವೆ. ಇಲ್ಲಿ ಟೈಲ್ಸ್ ಇಡಿಯಾಗಿವೆ, ಚದುರಂಗದ ಮಣೆಯ ಹಾಗೆ ನೇರ ಸಾಲು. ಯಾಕಂದ್ರೆ ಗೋಡೆಗಳು ನೇರ. ಅದೇ ಹೊತ್ತಿಗೆ, 1884ರಲ್ಲಿ, ಗ್ವೆಲ್ ಅವರ ತೋಟದ ಮನೆಗೆ ಬಾಗಿಲು ಮತ್ತು ಕುದುರೆ ಲಾಯ ಕಟ್ಟುವ ಕೆಲಸ ಬಂತು. ಇಲ್ಲಿ ಗೌಡಿ ಗುಮ್ಮಟ, ಗಾಳಿಗೂಡುಗಳನ್ನು ದುಂಡಗೆ ಮಾಡಿದರು. ದುಂಡನೆಯ ಮೈಮೇಲೆ ಚೌಕದ ಟೈಲ್ಸ್ ಕೂರಲ್ಲ. ಹಾಗಾಗಿ ಒಡೆದು ಅಂಟಿಸಿದರು. ಕ್ಯಾಟಲಾನ್ ಭಾಷೆಯಲ್ಲಿ ಒಡೆಯುವುದಕ್ಕೆ ಟ್ರೆಂಕಾರ್ ಅಂತಾರೆ. ಈ ಕೆಲಸಕ್ಕೆ ಟ್ರೆಂಕಾಡಿಸ್ ಅನ್ನೋ ಹೆಸರು ನಿಂತಿತು.

ಒಂದು ಸಣ್ಣ ಲೆಕ್ಕ

ಒಡೆದರೆ ಯಾಕೆ ಕೂರುತ್ತೆ? ಒಂದು ಹಾಳೆಯನ್ನು ಚೆಂಡಿಗೆ ಸುತ್ತೋಕೆ ಹೋಗಿ, ಸುಕ್ಕು ಬೀಳದೆ ಇರಲ್ಲ. ಎರಡು ದಿಕ್ಕಿಗೂ ಬಾಗಿದ ಮೈಯನ್ನು ಚಪ್ಪಟೆ ಹಾಳೆಯಿಂದ ಮುಚ್ಚಲು ಆಗಲ್ಲ ಅಂತ ಗಾಸ್ ಎಂಬ ಗಣಿತಜ್ಞರು ಸಾಧಿಸಿದ್ದನ್ನು ನಾವು ಓದಿದ್ದೇವೆ. ಆದರೆ ತುಂಡು ಚಿಕ್ಕದಾದಷ್ಟೂ ತಪ್ಪು ಕಡಿಮೆ. ಎಷ್ಟು ಕಡಿಮೆ? ತುಂಡಿನ ಉದ್ದದ ವರ್ಗವನ್ನು ಬಾಗಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ತುಂಡಿನ ನಡುವೆ ಉಳಿಯುವ ಸಂದು ಸಿಗುತ್ತೆ.

50 ಸೆಂ.ಮೀ. ತ್ರಿಜ್ಯದ ಒಂದು ಗುಮ್ಮಟ ಇದೆ ಅಂದುಕೊಳ್ಳಿ. 15 ಸೆಂ.ಮೀ. ಟೈಲ್ಸ್ ಇಟ್ಟರೆ 225ನ್ನು 400ರಿಂದ ಭಾಗಿಸಬೇಕು. ಸುಮಾರು 5.6 ಮಿ.ಮೀ. ಸಂದು. ಟೈಲ್ಸ್ ಅಲ್ಲಾಡುತ್ತೆ, ಅಂಚು ಎದ್ದು ನಿಲ್ಲುತ್ತೆ. ಅದನ್ನೇ 3 ಸೆಂ.ಮೀ. ತುಂಡು ಮಾಡಿದರೆ 9ನ್ನು 400ರಿಂದ ಭಾಗಿಸಿ, ಬರೀ 0.2 ಮಿ.ಮೀ. ಗಾರೆಯೊಳಗೆ ಅದು ಗೊತ್ತೇ ಆಗಲ್ಲ. ತುಂಡು ಐದನೇ ಒಂದರಷ್ಟಾದರೆ ತಪ್ಪು ಇಪ್ಪತ್ತೈದನೇ ಒಂದರಷ್ಟು. ಅಳತೆ ಹಿಡಿದು ಕತ್ತರಿಸಬೇಕಿಲ್ಲ. ಮೇಸ್ತ್ರಿ ಸುತ್ತಿಗೆಯಲ್ಲಿ ಒಡೆದು, ಕಣ್ಣಳತೆಯಲ್ಲಿ ಪಕ್ಕದ ಚೂರಿಗೆ ಹೊಂದುವ ಚೂರನ್ನು ಆರಿಸಿ ಗಾರೆಗೆ ಒತ್ತಿದರೆ ಆಯ್ತು.

ಗೌಡಿಯ ಜಾಣತನ ಇಲ್ಲಿದೆ ಅಂತ ನಮಗೆ ಅನ್ಸುತ್ತೆ. ಸಾಮಾನ್ಯವಾಗಿ ತ್ಯಾಜ್ಯ ಬಳಸುವವರು ಹೊಸ ಮಾಲಿನ ಜಾಗಕ್ಕೆ ಹಳೇ ಮಾಲನ್ನು ತುಂಬುತ್ತಾರೆ, ಅದು ಎರಡನೇ ದರ್ಜೆಯದಾಗಿ ಕಾಣುತ್ತೆ. ಗೌಡಿ ಕಟ್ಟಡದ ಆಕಾರವನ್ನೇ ಬದಲಾಯಿಸಿದರು. ಆ ಆಕಾರಕ್ಕೆ ಹೊಸ ಇಡೀ ಟೈಲ್ಸ್ ತಂದರೂ ಒಡೆಯಲೇಬೇಕು. ಅಂದಮೇಲೆ ಮೊದಲೇ ಒಡೆದಿರುವ ರಿಜೆಕ್ಟ್ ಮಾಲು ಇಲ್ಲಿ ಮೊದಲ ದರ್ಜೆಯದೇ.

ಚಾವಣಿಯ ಮೇಲೆ, ಪಾರ್ಕಿನ ಒಳಗೆ

1886ರಿಂದ ಗ್ವೆಲ್ ಅವರಿಗೆ ಊರೊಳಗೆ ಅರಮನೆಯಂಥ ಮನೆ ಎದ್ದಿತು. ಅದರ ಚಾವಣಿ ಮೇಲೆ 20 ಹೊಗೆಗೊಳವೆಗಳಿವೆ, ಒಂದರ ಹಾಗೆ ಇನ್ನೊಂದಿಲ್ಲ. ಹಲವಕ್ಕೆ ಟೈಲ್ಸ್ ಚೂರು, ಪಿಂಗಾಣಿ, ಗಾಜಿನ ಹೊದಿಕೆ. ನಡುವಿನ ಎತ್ತರದ ಗೋಪುರಕ್ಕೆ ಹೊದಿಸಿದ್ದು ಸುಣ್ಣ ಸುಡುವ ಗೂಡಿನ ಒಳಗೋಡೆಯ ಕಲ್ಲುಗಳನ್ನು. ಎಷ್ಟೋ ಸಲ ಬೆಂಕಿ ಕಂಡು ಮೈಯೆಲ್ಲ ಗಾಜಾಗಿದ್ದ ಕಲ್ಲುಗಳು ಅವು. ಗೂಡಿಗೆ ಇನ್ನು ಬೇಡ, ಆದರೆ ಮಳೆ ಬಿಸಿಲಿಗೆ ಅದಕ್ಕಿಂತ ಗಟ್ಟಿ ಯಾವುದಿದೆ? ಮುಂದೆ ಕಾಸಾ ಮಿಲಾ ಕಟ್ಟಡದ ಕೆಲವು ಹೊಗೆಗೊಳವೆಗಳ ತಲೆಗೆ ಒಡೆದ ಷಾಂಪೇನ್ ಬಾಟಲಿಗಳ ಹಸಿರು ಗಾಜು ಹತ್ತಿತು.

1900ರಲ್ಲಿ ಗ್ವೆಲ್ ಇನ್ನೊಂದು ಯೋಜನೆ ತಂದರು. ಊರ ಹೊರಗಿನ ಬೋಳು ಗುಡ್ಡದ ಮೇಲೆ ಶ್ರೀಮಂತರಿಗೆ 60 ಸೈಟುಗಳ ಬಡಾವಣೆ. ಇದೇ ಪಾರ್ಕ್ ಗ್ವೆಲ್. ರಸ್ತೆಗಳನ್ನು ಹೊತ್ತ ಕಮಾನುಗಳಿಗೆ ಗುಡ್ಡ ಅಗೆದಾಗ ಸಿಕ್ಕಿದ ಕಲ್ಲನ್ನೇ ಬಳಸಿದರು. ನಡುವೆ 86 ಕಂಬಗಳ ಮಂಟಪ, ಅದರ ಮೇಲೆ ದೊಡ್ಡ ಬಯಲು. ಬಯಲಿನಲ್ಲಿ ಬಿದ್ದ ಮಳೆನೀರು ಮಣ್ಣಿನಲ್ಲಿ ಸೋಸಿ, ಕಂಬಗಳ ಒಳಗಿನ ಕೊಳವೆಯಲ್ಲಿ ಇಳಿದು, ಕೆಳಗಿನ 1200 ಘನ ಮೀಟರ್ ತೊಟ್ಟಿ ಸೇರುತ್ತೆ. ತುಂಬಿ ಹೆಚ್ಚಾದ ನೀರು ಮೆಟ್ಟಿಲ ಮೇಲೆ ಕೂತ ಬಣ್ಣದ ಹಲ್ಲಿಯ ಬಾಯಿಂದ ಹೊರಗೆ ಬರುತ್ತೆ. ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ಆ ಹಲ್ಲಿ ನಿಜಕ್ಕೂ ಓವರ್‌ಫ್ಲೋ ಪೈಪು!

ಬಯಲಿನ ಅಂಚಿನಲ್ಲಿ ಹಾವಿನಂತೆ ಸುತ್ತಿಕೊಂಡು ಹೋಗುವ ಬೆಂಚು ಸುಮಾರು 110 ಮೀಟರ್ ಉದ್ದ ಇದೆ. ಅದೇ ತಡೆಗೋಡೆಯೂ ಹೌದು. ಇದರ ಬಣ್ಣದ ಕೆಲಸದ ಹೆಚ್ಚಿನ ಹೆಸರು ಗೌಡಿಯ ಕಿರಿಯ ಸಂಗಾತಿ ಜೋಸೆಪ್ ಮರಿಯಾ ಜುಜೋಲ್ ಅವರಿಗೆ ಸಲ್ಲಬೇಕು. ಹತ್ತಿರದ ಎಸ್ಪ್ಲೂಗೆಸ್ ಊರಿನ ಪುಜೋಲ್ ಇ ಬೌಸಿಸ್ ಟೈಲ್ಸ್ ಕಾರ್ಖಾನೆಯ ರಿಜೆಕ್ಟ್ ಮಾಲು ಗುಡ್ಡ ಹತ್ತಿತು. ಕೆಲಸಕ್ಕೆ ಬರುವ ದಾರಿಯಲ್ಲಿ ಸಿಕ್ಕ ಒಡೆದ ಪಿಂಗಾಣಿ, ಬಾಟಲಿ ಎಲ್ಲಾ ಆಯ್ದು ತರಬೇಕು ಅಂತ ಕೂಲಿಯವರಿಗೆ ಹೇಳಿದ್ದರು ಅನ್ನೋ ಕತೆಯೂ ಇದೆ. ಮಂಟಪದ ಒಳಚಾವಣಿ ನೋಡಿದರೆ ಆ ಕತೆ ನಂಬಬೇಕು ಅನ್ಸುತ್ತೆ. ಅಲ್ಲಿನ ದುಂಡು ಅಲಂಕಾರಗಳಲ್ಲಿ ಜುಜೋಲ್ ತಟ್ಟೆಯ ತಳ, ಬಾಟಲಿ, ಲೋಟ ಎಲ್ಲವನ್ನೂ ಸೇರಿಸಿದ್ದಾರೆ. ಬೆಂಚಿನಲ್ಲಿ ಒಂದು ಟೈಲ್ಸ್‌ನ ಹೂವಿನ ಅರ್ಧ ಇಲ್ಲಿ, ಉಳಿದರ್ಧ ಇನ್ನೆಲ್ಲೋ. ಚಿಕ್ಕವರಿದ್ದಾಗ ಬಳೆಚೂರು ಹಾಕಿ ಕೆಲಿಡೋಸ್ಕೋಪ್ ಮಾಡಿದವರಿಗೆ ಆ ಖುಷಿ ಗೊತ್ತಿರುತ್ತೆ.

ಬಡಾವಣೆ ಮಾತ್ರ ಪೂರ್ತಿ ಫೇಲ್. 60 ಸೈಟುಗಳ ಯೋಜನೆಯಲ್ಲಿ ಎದ್ದದ್ದು ಎರಡೇ ಮನೆ. ಅದರಲ್ಲಿ ಒಂದಕ್ಕೆ 1906ರಲ್ಲಿ ಗೌಡಿಯೇ ಅಪ್ಪ ಮತ್ತು ಅಕ್ಕನ ಮಗಳ ಜೊತೆ ಬಂದು ಸೇರಿದರು. ಅದೇ ವರ್ಷ ಅಪ್ಪ ಹೋದರು. 1914ಕ್ಕೆ ಕೆಲಸ ನಿಂತಿತು. ಗ್ವೆಲ್ ತೀರಿಕೊಂಡ ಮೇಲೆ ನಗರಸಭೆ ಕೊಂಡುಕೊಂಡು 1926ರಲ್ಲಿ ಜನರಿಗೆ ಬಿಟ್ಟುಕೊಟ್ಟಿತು. ಶ್ರೀಮಂತರ ಸೈಟುಗಳು ಮಾರಾಟವಾಗಿದ್ದರೆ ಆ ಬೆಂಚಿನ ಮೇಲೆ ಇವತ್ತು ಕಂಡಕಂಡವರೆಲ್ಲ ಕೂರೋಕೆ ಆಗ್ತಿರಲಿಲ್ಲ.

ಕೆಟ್ಟ ಇಟ್ಟಿಗೆಗೆ ಒಳ್ಳೆಯ ಕಮಾನು

ಇಲ್ಲಿವರೆಗೆ ಹೇಳಿದ್ದು ಮೇಲಿನ ಹೊದಿಕೆ. ಭಾರ ಹೊರುವ ಭಾಗಕ್ಕೂ ತ್ಯಾಜ್ಯ ಬಳಸಬಹುದಾ? ಸಿವಿಲ್‌ನವರು ಇಲ್ಲಿ ಸ್ವಲ್ಪ ಗಮನ ಕೊಡಿ.

ಬಾರ್ಸಿಲೋನಾ ಹತ್ತಿರ ಗ್ವೆಲ್ ತಮ್ಮ ಬಟ್ಟೆ ಗಿರಣಿಯ ಕಾರ್ಮಿಕರಿಗೆ ಒಂದು ಊರನ್ನೇ ಕಟ್ಟಿಸಿದ್ದರು, ಹೆಸರು ಕೊಲೋನಿಯಾ ಗ್ವೆಲ್. ಅಲ್ಲಿಗೆ ಒಂದು ಚರ್ಚ್ ಬೇಕು ಅಂತ 1898ರಲ್ಲಿ ಗೌಡಿಗೆ ಹೇಳಿದರು. ಗೌಡಿ ಹತ್ತು ವರ್ಷ ಬರೀ ಒಂದು ಮಾದರಿಯ ಮೇಲೆ ಕೂತರು. ಚಾವಣಿಯಿಂದ ದಾರಗಳನ್ನು ಇಳಿಬಿಟ್ಟು, ಕಟ್ಟಡದ ಭಾರಕ್ಕೆ ತಕ್ಕ ಪ್ರಮಾಣದಲ್ಲಿ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಅವಕ್ಕೆ ಕಟ್ಟಿದರು. ಅಳತೆ ಹತ್ತರಲ್ಲಿ ಒಂದು. ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದಂತೆ ದಾರಗಳು ತಮ್ಮಷ್ಟಕ್ಕೆ ಬಾಗಿ ನಿಂತವು. ದಾರಕ್ಕೆ ಎಳೆತ ಮಾತ್ರ ಗೊತ್ತು, ಒತ್ತಡ ಗೊತ್ತಿಲ್ಲ. ಅದರ ಫೋಟೋ ತೆಗೆದು ತಲೆಕೆಳಗು ಮಾಡಿದರೆ ಎಳೆತವೆಲ್ಲ ಒತ್ತಡವಾಗುತ್ತೆ. ಆ ಆಕಾರದಲ್ಲಿ ಕಟ್ಟಿದ ಕಮಾನಿನೊಳಗೆ ಒತ್ತಡ ಮಾತ್ರ ಇರುತ್ತೆ, ಎಳೆತ ಹತ್ತಿರ ಸುಳಿಯಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ದಾರವೇ ಕಂಪ್ಯೂಟರ್.

ಇದಕ್ಕೂ ತ್ಯಾಜ್ಯಕ್ಕೂ ನೇರ ಸಂಬಂಧ ಇದೆ. ಇಟ್ಟಿಗೆ, ಹೆಂಚು, ಕಲ್ಲು ಎಲ್ಲವೂ ಒತ್ತಿದರೆ ತಡೆಯುತ್ತವೆ, ಎಳೆದರೆ ಬಿರುಕು ಬಿಡುತ್ತವೆ. ಎಳೆತವೇ ಇಲ್ಲದ ಆಕಾರ ಸಿಕ್ಕರೆ ಅವುಗಳ ದೊಡ್ಡ ದೌರ್ಬಲ್ಯ ಬಯಲಿಗೆ ಬರುವುದೇ ಇಲ್ಲ. 1908ರಲ್ಲಿ ಕಟ್ಟಲು ಶುರುವಾದ ಆ ಚರ್ಚಿನ ನೆಲಮಾಳಿಗೆಯಲ್ಲಿ ಗೌಡಿ ಗೂಡಿನಲ್ಲಿ ಅತಿಯಾಗಿ ಬೆಂದು ಕಪ್ಪಾದ ಇಟ್ಟಿಗೆ ಬಳಸಿದರು. ಅಂಥ ಇಟ್ಟಿಗೆಯನ್ನು ನಮ್ಮಲ್ಲಿ ಝಾಮಾ ಇಟ್ಟಿಗೆ ಅಂತ ಪಕ್ಕಕ್ಕೆ ಎಸೀತಾರೆ, ಇಲ್ಲವೇ ಜಲ್ಲಿ ಮಾಡ್ತಾರೆ. ಲೋಹ ಕರಗಿಸಿದ ಮೇಲೆ ಉಳಿಯುವ ಕಿಟ್ಟವೂ ಗೋಡೆ ಸೇರಿತು. ಕಿಟಕಿಗಳ ಜಾಲರಿ ಗಿರಣಿಯ ಮಗ್ಗಗಳಲ್ಲಿ ಸವೆದು ಬಿಸಾಡಿದ ಸೂಜಿಗಳದು. ಗಿರಣಿಯಲ್ಲಿ ದುಡಿದವರು ಭಾನುವಾರ ಪ್ರಾರ್ಥನೆಗೆ ಬಂದರೆ, ವಾರವೆಲ್ಲ ಅವರ ಕೈಕೆಳಗೆ ಓಡುತ್ತಿದ್ದಂಥ ಸೂಜಿಗಳು ಕಿಟಕಿಯಲ್ಲಿ ಕಾಣಬೇಕು.

ಚರ್ಚಿನ ಮೇಲ್ಭಾಗ ಏಳಲೇ ಇಲ್ಲ. 1914ರಲ್ಲಿ ಕೆಲಸ ನಿಂತುಹೋಯಿತು. ನೆಲಮಾಳಿಗೆ ಮಾತ್ರ ಉಳಿದಿದೆ. 2005ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಪ್ರಶ್ನೆಗಳೂ ಇವೆ

ಇಷ್ಟು ಹೇಳಿ ಗೌಡಿ ಪರಿಸರವಾದಿ ಅಂತ ಬೋರ್ಡು ಹಾಕಿದರೆ ತಪ್ಪಾಗುತ್ತೆ. ಅವರ ಕಾಲದಲ್ಲಿ ಆ ಯೋಚನೆಯೇ ಈ ರೂಪದಲ್ಲಿ ಇರಲಿಲ್ಲ. ಚೂರಿನ ಕೆಲಸ ಅಂದರೆ ಕಡಿಮೆ ಖರ್ಚು ಅಂತಲೂ ಅಲ್ಲ. ಮಾಲು ಅಗ್ಗ, ಆದರೆ ಒಂದೊಂದೇ ಚೂರು ಆರಿಸಿ ಕೂರಿಸುವ ಕೈಕೆಲಸ ಬಹಳ. ಕೂಲಿ ಅಗ್ಗವಿದ್ದ ಕಾಲದಲ್ಲಿ, ದೊಡ್ಡ ಧಣಿಯ ಹಣದಲ್ಲಿ ನಡೆದ ಕೆಲಸ ಇದು. ಬೇಕಾದ ಬಣ್ಣ ಚೂರಿನಲ್ಲಿ ಸಿಗದಿದ್ದಾಗ ಚೆನ್ನಾಗಿದ್ದ ಟೈಲ್ಸನ್ನೂ ಒಡೆದದ್ದಿದೆ. ಸಗ್ರಾಡಾ ಫಮಿಲಿಯಾ ಚರ್ಚಿನ ಗೋಪುರದ ತುದಿಗೆ ಗೌಡಿ ಆರಿಸಿದ್ದು ವೆನಿಸ್ ಕಡೆಯ ಮುರಾನೊ ಗಾಜಿನ ಹೊಸ ಮೊಸಾಯಿಕ್. ನೂರು ಮೀಟರ್ ಮೇಲೆ ಒಂದು ಚೂರು ಬಿದ್ದರೆ ಮತ್ತೆ ಹತ್ತಿ ಅಂಟಿಸೋರು ಯಾರು?

ನಮಗೆ ಇದು ಕೊರತೆ ಅನ್ನಿಸಲಿಲ್ಲ. ಯಾವ ಮಾಲು ಎಲ್ಲಿಗೆ ಸರಿ ಅಂತ ನೋಡುವವರು ಹೀಗೇ ಮಾಡೋದು. ಒಳ್ಳೆಯದು ಬೇಕಾದ ಕಡೆ ಒಳ್ಳೆಯದು, ಚೂರು ಸಾಕಾದ ಕಡೆ ಚೂರು. ತ್ಯಾಜ್ಯ ಬಳಕೆ ಅಂದಕೂಡಲೇ ನಮ್ಮ ಪ್ರಾಜೆಕ್ಟ್‌ಗಳಲ್ಲಿ ನಾವು ಎಷ್ಟು ಶೇಕಡಾ ಬೂದಿ, ಎಷ್ಟು ಶೇಕಡಾ ಟೈಲ್ಸ್ ಪುಡಿ ಸೇರಿಸಬಹುದು ಅಂತ ಕ್ಯೂಬ್ ಹಾಕಿ ಒಡೀತೀವಿ. ಅದು ಬೇಕು. ಆದರೆ ಆಕಾರ ಬದಲಿಸಿದರೆ ಏನಾಗುತ್ತೆ ಅಂತ ಕೇಳೋದು ಕಡಿಮೆ.

ಗುರುತು ಸಿಗದ ಮುದುಕ

ಗೌಡಿಯ ಸುತ್ತಲಿನವರು ಒಬ್ಬೊಬ್ಬರಾಗಿ ಹೋದರು. 1912ರಲ್ಲಿ ಅಕ್ಕನ ಮಗಳು, 1914ರಲ್ಲಿ ಬಹುಕಾಲದ ಸಹಾಯಕ ಬೆರೆಂಗೆರ್, 1918ರಲ್ಲಿ ಗ್ವೆಲ್. ಗೌಡಿ ಬೇರೆ ಕೆಲಸವೆಲ್ಲ ಬಿಟ್ಟು, 1883ರಿಂದ ನಡೆಸಿಕೊಂಡು ಬಂದಿದ್ದ ಸಗ್ರಾಡಾ ಫಮಿಲಿಯಾ ಒಂದನ್ನೇ ಹಿಡಿದರು. ಕೊನೆ ದಿನಗಳಲ್ಲಿ ಅಲ್ಲಿನ ವರ್ಕ್‌ಶಾಪಿನಲ್ಲೇ ಮಲಗುತ್ತಿದ್ದರು. ಊಟ ಕಡಿಮೆ, ಬಟ್ಟೆ ಹಳೇದು. ಯೌವನದಲ್ಲಿ ಒಳ್ಳೆಯ ಸೂಟು ಹಾಕಿ ನಾಟಕಕ್ಕೆ ಹೋಗುತ್ತಿದ್ದ ಮನುಷ್ಯ ಇವರೇನಾ ಅನ್ನುವ ಹಾಗೆ.

1926ರ ಜೂನ್ 7. ಎಂದಿನಂತೆ ಸಂಜೆ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದಾಗ ಗ್ರಾನ್ ವಿಯಾ ರಸ್ತೆಯಲ್ಲಿ ಟ್ರಾಮ್ ಬಡಿಯಿತು. ಬಿದ್ದವರ ಜೇಬಿನಲ್ಲಿ ಗುರುತಿನ ಕಾಗದ ಇರಲಿಲ್ಲ. ಮಾಸಿದ ಬಟ್ಟೆ ನೋಡಿ ಯಾರೋ ಭಿಕ್ಷುಕ ಅಂದುಕೊಂಡರು. ಟ್ಯಾಕ್ಸಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಹೇಗೋ ಬಡವರ ಆಸ್ಪತ್ರೆ ಸೇರಿಸಿದರು. ಊರಿನ ಅರ್ಧ ಚೆಲುವನ್ನು ಕಟ್ಟಿದ ಮನುಷ್ಯ ಅಲ್ಲಿ ಹೆಸರಿಲ್ಲದ ರೋಗಿ. ಮಾರನೇ ದಿನ ಹುಡುಕಿಕೊಂಡು ಬಂದ ಚರ್ಚಿನ ಪಾದ್ರಿ ಗುರುತು ಹಿಡಿಯುವಷ್ಟರಲ್ಲಿ ತಡವಾಗಿತ್ತು. ಜೂನ್ 10ರಂದು, 73ನೇ ವಯಸ್ಸಿನಲ್ಲಿ ಗೌಡಿ ತೀರಿಕೊಂಡರು. 12ರಂದು ಸಗ್ರಾಡಾ ಫಮಿಲಿಯಾದ ನೆಲಮಾಳಿಗೆಯಲ್ಲಿ ಮಣ್ಣು ಮಾಡಿದಾಗ ದಾರಿಯುದ್ದಕ್ಕೂ ಜನ. ಆ ಚರ್ಚಿನ ಗೋಪುರಗಳಲ್ಲಿ ಮುಗಿದದ್ದನ್ನು ಅವರು ಕಣ್ಣಾರೆ ಕಂಡದ್ದು ಒಂದನ್ನೇ. 1925ರ ನವೆಂಬರಿನಲ್ಲಿ ಪೂರ್ತಿಯಾದದ್ದು.

ಈ ಭಾಗ ಓದುವಾಗ ಮೀಟಿಂಗಿನಲ್ಲಿ ಯಾರೂ ಮಾತಾಡಲಿಲ್ಲ. ಬೇಡ ಅಂತ ಬಿಸಾಡಿದ್ದರಲ್ಲಿ ಬೆಲೆ ಕಂಡ ಮನುಷ್ಯನನ್ನೇ ಊರು ಬಟ್ಟೆ ನೋಡಿ ಬೇಡ ಅಂದಿತ್ತು.

ಕತೆ ಅಲ್ಲಿಗೂ ಮುಗಿಯಲಿಲ್ಲ. ಹತ್ತು ವರ್ಷದ ಮೇಲೆ, 1936ರ ಜುಲೈನಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಗುಂಪು ನುಗ್ಗಿ ಗೌಡಿಯ ವರ್ಕ್‌ಶಾಪಿಗೆ ಬೆಂಕಿ ಹಚ್ಚಿತು. ನಕ್ಷೆಗಳು ಸುಟ್ಟವು. ಪ್ಲಾಸ್ಟರ್ ಮಾದರಿಗಳು ಚೂರುಚೂರಾದವು. ಆಮೇಲೆ ಬಂದವರು ಆ ಚೂರುಗಳನ್ನು ಎಸೆಯದೆ ಆಯ್ದಿಟ್ಟು, ಒಂದಕ್ಕೊಂದು ಹೊಂದಿಸಿ, ಗೌಡಿ ಏನು ಯೋಚಿಸಿದ್ದರು ಅಂತ ವರ್ಷಗಟ್ಟಲೆ ಓದಿದರು. ಇವತ್ತು ಎದ್ದು ನಿಂತಿರುವ ಸಗ್ರಾಡಾ ಫಮಿಲಿಯಾಕ್ಕೆ ಹಾಗೆ ಜೋಡಿಸಿದ ಚೂರುಗಳೇ ದಾರಿ ತೋರಿಸಿದ್ದು.

ನಮ್ಮ ಹಾಸ್ಟೆಲ್ ಹಿಂದಿನ ರಾಶಿ ಇನ್ನೂ ಅಲ್ಲೇ ಇದೆ. ಅದರ ಪಕ್ಕದ ಬೇವಿನ ಮರಕ್ಕೆ ಒಂದು ಕಟ್ಟೆ ಬೇಕು ಅಂತ ಎಲ್ಲರೂ ಹೇಳ್ತಾನೇ ಇರ್ತೀವಿ. ಕಟ್ಟೆ ದುಂಡಗೆ ಇರಲಿ, ಅಂಚು ಬಾಗಿರಲಿ, ಆಗ ಇಡೀ ಟೈಲ್ಸ್ ಕೇಳಲ್ಲ. ಭಾನುವಾರ ಬೆಳಗ್ಗೆ ಎಂಟಕ್ಕೆ ನಾವು ಕೆಲವರು ಚೂರು ಆರಿಸೋಕೆ ಸೇರ್ತಿದ್ದೀವಿ. ದಪ್ಪ ಗ್ಲೌಸ್ ಹಾಕಿಕೊಂಡು ಬನ್ನಿ, ಅಂಚು ಕುಯ್ಯುತ್ತೆ.